ಮೇಲಿನ ಬಂಡೆಯ ಕರಿಗಾಜು

ಫೆಬ್ರವರಿ ೩, ಸೋಮವಾರ

ಈ ಮನೆಯ ಗೋಡೆಗಳು ಬಲು ತೆಳು. ಫೋನಿನಲ್ಲಿ ತಂಗಿಯ ಹತ್ತಿರ ಮನಸ್ಸು ಹಗುರ ಮಾಡಿಕೊಳ್ಳೋಣ ಎಂದರೆ ಪಕ್ಕದ ಕೋಣೆಯಲ್ಲಿ ಕೆಮ್ಮುವವರು ಕೆಮ್ಮು ನಿಲ್ಲಿಸಿ ಕಿವಿಗೊಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ತಂಗಿಗೆ ಕಾಗದ ಬರೆದ ಹಾಗೆಯೇ ಬರೆಯುತ್ತೇನೆ, ಅಂಚೆಗೆ ಹಾಕುವುದಿಲ್ಲ ಅಷ್ಟೇ.

ಬಸುರಿ ಮಗಳಿಗೆ ಎಂಟು ತಿಂಗಳು ತುಂಬುತ್ತಾ ಬಂತು. ಡಾಕ್ಟರು ಹೆಚ್ಚು ಓಡಾಡಬೇಡ ಎಂದಿದ್ದಾರೆ. ಅವಳನ್ನು ನೋಡಿಕೊಳ್ಳಲು ನಾನು ಬಂದೆ. ಬಂದು ನೋಡಿದರೆ ಬೀಗಿತ್ತಿ, ಅಂದರೆ ಅಳಿಯನ ತಾಯಿ, ನನಗಿಂತ ಎರಡು ದಿನ ಮುಂಚೆಯೇ ಬಂದು ಕಿಟಕಿ ಪಕ್ಕದ ಮಂಚ ಹಿಡಿದಿದ್ದಾರೆ. ನನಗೆ ಉಳಿದದ್ದು ಬಾಗಿಲ ಪಕ್ಕದ್ದು. ಇಬ್ಬರಿಗೂ ಒಂದೇ ಕೋಣೆ. ಮದುವೆಯ ದಿನ ನಾವಿಬ್ಬರೂ ಆಡಿದ್ದು ನಾಲ್ಕು ಮಾತು. ಇನ್ನು ಎರಡು ತಿಂಗಳು ಒಬ್ಬರ ಗೊರಕೆ ಇನ್ನೊಬ್ಬರು ಕೇಳಬೇಕು.

ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಕುದಿಸದೆ ಏನನ್ನೂ ಮುಟ್ಟುವುದಿಲ್ಲ. ಇವತ್ತು ನನ್ನ ಬಾಚಣಿಗೆಯನ್ನೂ ಕುದಿಸಿಟ್ಟಿದ್ದರು. ಬಾಚಣಿಗೆ ಬಾಗಿ ಬಿಲ್ಲಾಗಿದೆ.

"ಕ್ರಿಮಿ ಇರುತ್ತೆ, ಬೀಗಿತ್ತಿಯವರೇ," ಎಂದರು.

"ನನ್ನ ತಲೇಲಾ?" ಎಂದೆ.

"ಯಾರ ತಲೇಲಾದ್ರೂ," ಎಂದರು.

ನಾನೇನು ಕೊಳಕಳೇ? ಬದುಕೆಲ್ಲ ಲಾಂಡ್ರಿ ನಡೆಸಿದವಳು. ಶಾಲೆಗೆ ಹೋಗಿದ್ದು ಕಡಿಮೆ, ಗಿರಾಕಿಗಳ ಜೇಬಿನಲ್ಲಿ ಸಿಕ್ಕ ಚೀಟಿಗಳನ್ನು ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡೆ. ಒಬ್ಬರ ಅಂಗಿ ಇನ್ನೊಬ್ಬರ ಗಂಟಿಗೆ ಸೇರಿತು ಎನ್ನುವ ಮಾತು ನನ್ನ ಅಂಗಡಿಯಲ್ಲಿ ಒಂದು ದಿನವೂ ಬಂದಿಲ್ಲ.

ಫೆಬ್ರವರಿ ೬, ಗುರುವಾರ

ಮಗಳ ಕೆಲಸ ಏನೆಂದು ಇಷ್ಟು ವರ್ಷ ಯಾರಾದರೂ ಕೇಳಿದರೆ "ಮ್ಯೂಸಿಯಂನಲ್ಲಿ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಇವತ್ತು ಊಟದ ಮೇಜಿನ ಮೇಲೆಯೇ ತಿಳಿಯಿತು.

ಅವಳು ಒಂದು ಕರಿಯ ಕಲ್ಲಿನ ಚಕ್ಕೆ ತಂದು ಟೊಮೇಟೊ ಹೆಚ್ಚಿದಳು. ನಮ್ಮ ಅಡುಗೆಮನೆಯ ಚಾಕು ಟೊಮೇಟೊವನ್ನು ಹಿಸುಕುತ್ತದೆ, ಇದು ಸುಮ್ಮನೆ ಒಳಗೆ ಇಳಿಯಿತು, ಬೆಣ್ಣೆಯೊಳಗೆ ಇಳಿದ ಹಾಗೆ. ನೋಡಲು ಕಲ್ಲು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಹೊಗೆಬಣ್ಣದ ಗಾಜು.

"ಬೆಟ್ಟ ಬೆಂಕಿ ಕಾರಿದಾಗ ಹರಿದದ್ದು ಬೇಗ ಆರಿದ್ರೆ ಹೀಗೆ ಗಾಜಾಗುತ್ತೆ ಅಮ್ಮ," ಎಂದಳು. "ಲೋಹ ಗೊತ್ತಿಲ್ಲದ ಕಾಲದಲ್ಲಿ, ಬೇಸಾಯ ಆಗ ತಾನೇ ಕಲಿತಿದ್ದ ಜನ ಇದರಲ್ಲೇ ಚಾಕು, ಕುಡುಗೋಲು ಮಾಡ್ಕೊತಿದ್ರು."

ನವಶಿಲಾಯುಗ ಎಂದು ಅದರ ಹೆಸರು. ನದಿ ಬಯಲಿನಲ್ಲಿ ಆ ಜನರ ಊರಿನ ದಿಬ್ಬ ಒಂದಿದೆ, ಮಗಳು ಆರು ವರ್ಷದಿಂದ ಅಲ್ಲೇ ಅಗೆಯುತ್ತಿದ್ದಾಳೆ. ದಿಬ್ಬದ ತುಂಬ ಈ ಕರಿಗಾಜಿನ ಅಲಗುಗಳು. ಆದರೆ ಬಯಲಿನಲ್ಲಿ ಈ ಕಲ್ಲು ಒಂದು ಹರಳೂ ಹುಟ್ಟುವುದಿಲ್ಲ. ನಾಲ್ಕು ದಿನದ ನಡಿಗೆಯಷ್ಟು ದೂರದ ಬೆಟ್ಟದಿಂದ ಬಂದಿರಬೇಕು. ಆ ಬೆಟ್ಟದಲ್ಲಿ ಗಾಜಿನ ಬಂಡೆ ಎರಡು ಕಡೆ ಇದೆ. ಒಂದು ಕೆಳಗೆ, ನದಿಯ ಪಕ್ಕದಲ್ಲೇ, ಕೈಚಾಚಿದರೆ ಸಿಗುವಂಥದ್ದು. ಇನ್ನೊಂದು ಮೇಲೆ, ಏರು ಹತ್ತಿ ಬೆನ್ನು ದಾಟಿದರೆ ಮಾತ್ರ ಕಾಣುವಂಥದ್ದು. ದಿಬ್ಬದ ಜನ ಯಾವುದರಿಂದ ತಂದರು ಎನ್ನುವುದೇ ಅವಳ ಪ್ರಶ್ನೆ.

"ಅದು ಹೇಗೆ ಗೊತ್ತಾಗುತ್ತೆ? ಎರಡೂ ಕಪ್ಪೇ ತಾನೇ?" ಎಂದು ಕೇಳಿದೆ.

"ಕಣ್ಣಿಗೆ ಗೊತ್ತಾಗಲ್ಲ. ಆದ್ರೆ ಬೆಟ್ಟ ಒಂದೊಂದು ಸಲ ಹರಿದಾಗಲೂ ಅದರೊಳಗೆ ಬೆರೆತ ಲೋಹಗಳ ಪ್ರಮಾಣ ಬೇರೆ ಬೇರೆ ಇರುತ್ತೆ. ಕ್ಷಕಿರಣದ ಯಂತ್ರ ಅದನ್ನ ಓದುತ್ತೆ. ಕಲ್ಲನ್ನ ಒಡೀಬೇಕಾಗೂ ಇಲ್ಲ."

"ರಕ್ತದ ಗುಂಪಿನ ಹಾಗೆ," ಎಂದರು ಬೀಗಿತ್ತಿ.

"ಬಣ್ಣದ ಹಾಗೆ," ಎಂದೆ ನಾನು. "ಒಬ್ಬನೇ ಬಣ್ಣಗಾರ ಎರಡು ಸಲ ಕಾಯಿಸಿದ ನೀಲಿ ಎರಡು ನೀಲಿ ಆಗುತ್ತೆ, ನಮ್ಮ ಕಸುಬಿನವರಿಗೆ ಗೊತ್ತು."

"ಎರಡೂ ಸರಿ," ಎಂದಳು ಮಗಳು. ಹೇಳುವಾಗ ನನ್ನ ಮುಖ ನೋಡಿದಳು. ಆದ್ದರಿಂದ ನನ್ನದೇ ಹೆಚ್ಚು ಸರಿ ಎಂದುಕೊಂಡೆ.

ಅಳಿಯ ಬೇಕರಿಯವನು. ಇಷ್ಟು ಹೊತ್ತೂ ಆ ಚಕ್ಕೆಯನ್ನೇ ನೋಡುತ್ತಿದ್ದ. "ಇದನ್ನ ನಾಳೆ ಬೇಕರಿಗೆ ಒಯ್ಯಲಾ? ಬ್ರೆಡ್ ಹಿಟ್ಟಿನ ಮೇಲೆ ಗೀರು ಹಾಕೋಕೆ ಬ್ಲೇಡಿಗಿಂತ ಚೆನ್ನಾಗಿರುತ್ತೆ."

"ಕುದಿಸಿ ಒಯ್ಯಿ," ಎಂದರು ಅವನ ತಾಯಿ.

ಫೆಬ್ರವರಿ ೯, ಭಾನುವಾರ

ಮಗುವಿನ ಬಟ್ಟೆಗಳಿಗೆ ಗಂಜಿ ಹಾಕಬೇಕೋ ಬೇಡವೋ ಎಂದು ಜಗಳ. ಮೆಲುದನಿಯ ಜಗಳ. ಅದು ಇನ್ನೂ ಕೆಟ್ಟದ್ದು. ಇವತ್ತಿಗೆ ಇಷ್ಟೇ.

ಫೆಬ್ರವರಿ ೧೭, ಸೋಮವಾರ

ಯಂತ್ರ ಬಂತು. ವಿಶ್ವವಿದ್ಯಾಲಯದಿಂದ ಅದನ್ನು ತಂದವರು ದಪ್ಪ ಮೀಸೆಯ ಒಬ್ಬ ಮೇಷ್ಟ್ರು. ನೆಗಡಿಯಿಂದ ಮೂಗು ಕೆಂಪಗಾಗಿದೆ. ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದರಂತೆ, ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರಂತೆ, ಒಳಗೆ ಕೂಸಿದೆ ಎಂದುಕೊಂಡು. ಮೇಷ್ಟ್ರು ಮನೆಗೆ ಬಂದು ಇದನ್ನೆಲ್ಲ ತಾವೇ ಹೇಳಿ ನಕ್ಕರು.

ಯಂತ್ರ ಇರುವುದು ಮ್ಯೂಸಿಯಂನಲ್ಲಿ. ಕ್ಷಕಿರಣವಾದ್ದರಿಂದ ಬಸುರಿ ಅದರ ಹತ್ತಿರ ಸುಳಿಯಬಾರದು ಎಂದು ಬೀಗಿತ್ತಿ ಆಜ್ಞೆ ಮಾಡಿದರು. ಈ ಒಂದು ವಿಷಯದಲ್ಲಿ ನನ್ನದೂ ಅದೇ ಮಾತು. ಹಾಗಾಗಿ ಕಲ್ಲುಗಳೇ ಮನೆಗೆ ಬಂದಿವೆ. ಮಗಳು ಬೆಟ್ಟ ಹತ್ತಿದ್ದು ನಾಲ್ಕು ತಿಂಗಳಾಗಿದ್ದಾಗ, ಎರಡು ಬಂಡೆಗಳಿಂದಲೂ ತುಂಡು ಒಡೆದು ತಂದಿದ್ದಳು. ಅವು ಎರಡು ಚೀಲಗಳಲ್ಲಿ ಹಿತ್ತಿಲ ಜಗಲಿಯ ಮೇಲಿವೆ. ಒಂದೊಂದು ಕಲ್ಲಿನ ಮೇಲೂ ಚಿಕ್ಕದಾಗಿ ನಂಬರ್ ಬರೆದು ಮೇಷ್ಟ್ರಿಗೆ ಕಳಿಸಬೇಕಂತೆ. ಯಂತ್ರ ಇರುವುದು ಮುಂದಿನ ವಾರದ ಮಂಗಳವಾರದವರೆಗೆ ಮಾತ್ರ. ತಿಂಗಳ ಕೊನೆಗೆ ವರದಿ ಕೊಡದಿದ್ದರೆ ಆ ದಿಬ್ಬದಲ್ಲಿ ಅಗೆಯುವ ಅನುಮತಿ ಇನ್ನೊಂದು ತಂಡಕ್ಕೆ ಹೋಗುತ್ತದೆ. ಹೇಳುವಾಗ ಮಗಳ ದನಿ ಸಣ್ಣಗಾಯಿತು.

"ಹಾಗಾಗಲ್ಲ ಬಿಡು," ಎಂದೆ. ನನಗೇನು ಗೊತ್ತು, ಆದರೂ ಎಂದೆ.

ಫೆಬ್ರವರಿ ೧೯, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಮಗಳು ಮಲಗಿದ್ದಳು. ಜಗಲಿಗೆ ಹೋದೆ. ಚೀಲಗಳನ್ನು ನೋಡಿದೆ. ಕಲ್ಲಿನ ಮೈತುಂಬ ಮಣ್ಣು. ಮಣ್ಣಿನ ಮೇಲೆ ಅವಳು ಹೇಗೆ ನಂಬರ್ ಬರೆದಾಳು? ತೊಳೆದಿಟ್ಟರೆ ಅವಳಿಗೊಂದು ಕೆಲಸ ಕಡಿಮೆ. ಒಂದು ಚೀಲ ತೆಗೆದು ಬೋಗುಣಿಗೆ ಸುರಿದು, ಸೋಪಿನ ನೀರಿನಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಒಂದೊಂದಾಗಿ ಉಜ್ಜಿದೆ. ಏನು ಹೊಳಪು ಅಂತೀಯ ತಂಗಿ, ಕಾಗೆಯ ರೆಕ್ಕೆಯ ಹಾಗೆ.

ಅಷ್ಟರಲ್ಲಿ ಬೀಗಿತ್ತಿ ಬಂದರು. ನಾನು ಒಂದು ಚೀಲ ತೊಳೆದೆ ಎಂದ ಮೇಲೆ ಅವರು ಸುಮ್ಮನಿರುತ್ತಾರೆಯೇ? ಇನ್ನೊಂದು ಚೀಲ ಎತ್ತಿಕೊಂಡು ಹೋಗಿ ದೊಡ್ಡ ಪಾತ್ರೆಯಲ್ಲಿ ಕುದಿಸಿದರು. ಇಬ್ಬರೂ ಹಿತ್ತಿಲಲ್ಲಿ ಒಂದೇ ಹಳೆಯ ಹೊದಿಕೆ ಹಾಸಿ ಬಿಸಿಲಿಗೆ ಹರವಿದೆವು. ಅವರದ್ದು ಒಂದು ಕಡೆ, ನನ್ನದು ಒಂದು ಕಡೆ. ಮಧ್ಯೆ ಎರಡು ಗೇಣು ಜಾಗ.

ಮಗಳು ಎದ್ದು ಬಂದಾಗ ಇಬ್ಬರೂ ಪ್ರೈಜು ಗೆದ್ದವರ ಹಾಗೆ ನಿಂತಿದ್ದೆವು.

ಅವಳು ಹೊದಿಕೆ ನೋಡಿದಳು. ನಮ್ಮನ್ನು ನೋಡಿದಳು. "ಅಮ್ಮ, ಚೀಲದೊಳಗೆ ಚೀಟಿ ಇತ್ತಲ್ಲ, ಎಲ್ಲಿ?"

"ಇದೆ ಇದೆ. ತೊಳೆಯೋ ಮುಂಚೆ ಜೇಬು ನೋಡೋದು ನನಗೆ ಅಭ್ಯಾಸ ಅಲ್ವಾ. ಎರಡು ಚೀಲದ್ದೂ ತೆಗೆದು ಕ್ಲಿಪ್ ಹಾಕಿ ಜೋಪಾನವಾಗಿಟ್ಟಿದ್ದೀನಿ."

"ಎರಡೂ ಒಟ್ಟಿಗಾ?"

"ಒಟ್ಟಿಗೇ. ಕಳೆದುಹೋಗ್ಬಾರ್ದಲ್ಲ."

"ಖಾಲಿ ಚೀಲಗಳು?"

"ಒಗೆದು ಹಾಕಿದ್ದೀನಿ," ಎಂದೆ. ಎರಡೂ ಒಂದೇ ಥರದ ಬಿಳಿ ಚೀಲ. ಹಗ್ಗದ ಮೇಲೆ ಅಕ್ಕಪಕ್ಕ ಒಣಗುತ್ತಿದ್ದವು.

ಮಗಳು ಜಗಲಿಯ ಕಟ್ಟೆ ಹಿಡಿದುಕೊಂಡು ಕೂತಳು. "ಹೋಗ್ಲಿ. ಮೇಲಿನ ಬಂಡೇದು ಯಾವ ಕಡೆ, ಕೆಳಗಿನ ಬಂಡೇದು ಯಾವ ಕಡೆ?"

ನಾನು ಯಾವ ಚೀಲ ಎತ್ತಿಕೊಂಡೆ ಎಂದು ನಾನು ನೋಡಿರಲಿಲ್ಲ. ಬೀಗಿತ್ತಿಯೂ ನೋಡಿರಲಿಲ್ಲ. "ನಾನು ಕುದಿಸಿದ್ದು ಬಲಗಡೆ ಹಾಕಿದ್ದೆ," ಎಂದರು.

"ಯಾರ ಬಲಗಡೆ?" ಎಂದೆ.

"ನನ್ನ ಬಲಗಡೆ."

"ನೀವು ಎಲ್ಲಿ ನಿಂತಿದ್ರಿ?"

ಅವರು ಬಾವಿಯ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು. ಅದೂ ಒಂದು ದಾರಿಗೆ ಬರುತ್ತಿತ್ತೇನೋ. ಆದರೆ ನಾನು ಹೇಳಲೇಬೇಕಾಯಿತು. ಆಗ ತಾನೇ, ಇನ್ನೊಂದು ಮಗ್ಗುಲೂ ಒಣಗಲಿ ಎಂದು, ಹೊದಿಕೆಯ ನಾಲ್ಕು ಮೂಲೆ ಹಿಡಿದು ಎಲ್ಲವನ್ನೂ ಒಟ್ಟು ಮಗುಚಿ ಹಾಕಿದ್ದೆ. ಹೆಸರುಬೇಳೆ ಮಗುಚಿದ ಹಾಗೆ.

ಮಗಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತೊಳೆದದ್ದಕ್ಕೆ ಏನೂ ಆಗಿಲ್ಲಮ್ಮ, ತೊಳೀಬೇಕಾಗೇ ಇತ್ತು," ಎಂದು ನಿಧಾನವಾಗಿ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಈ ಮನೆಯ ಗೋಡೆ ತೆಳು ಎಂದು ಮೊದಲೇ ಬರೆದಿದ್ದೇನೆ.

ಫೆಬ್ರವರಿ ೨೦, ಗುರುವಾರ

ಬೀಗಿತ್ತಿ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅಳಿಯ ಇಬ್ಬರ ಮುಂದೆಯೂ ಬ್ರೆಡ್ ಇಟ್ಟು, "ನೀವಿಬ್ರೂ ಉಪವಾಸ ಬಿದ್ರೆ ಕಲ್ಲು ಬಾಯಿ ಬಿಡುತ್ತಾ?" ಎಂದ. ಅವನ ಮಾತಿಗೆ ಮೂರು ಹೋಳು ತಿಂದೆ. ಅವರು ಎರಡು.

ಮಲಗುವಾಗ ಅವರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು: "ಕುದಿಸೋಕೆ ನನಗೆ ಯಾರು ಹೇಳಿದ್ರು?" ನನ್ನನ್ನು ಕೇಳಿದ್ದಲ್ಲ. ಆದರೂ "ಮಗುಚೋಕೆ ನನಗೆ ಯಾರು ಹೇಳಿದ್ರು?" ಎಂದೆ.

ಫೆಬ್ರವರಿ ೨೧, ಶುಕ್ರವಾರ

ಮಗಳು ಎಲ್ಲ ಕಲ್ಲುಗಳನ್ನೂ ಹಾಗೆಯೇ ಮೇಷ್ಟ್ರಿಗೆ ಕಳಿಸಿದ್ದಳು. ಇವತ್ತು ಅವರ ಫೋನು. ಮಗಳು ನಮಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಒಂದು ಒಳ್ಳೇ ಸುದ್ದಿ ಇದೆ," ಎಂದು ಮೇಷ್ಟ್ರು ಸೀನಿದರು. "ಯಂತ್ರ ನಿಮ್ಮ ಕಲ್ಲನ್ನೆಲ್ಲ ಎರಡು ಗುಡ್ಡೆ ಮಾಡಿಕೊಟ್ಟಿದೆ. ಒಂದಕ್ಕೊಂದು ಸ್ವಲ್ಪವೂ ಬೆರೆಯಲ್ಲ. ಇನ್ನೂ ಒಳ್ಳೇ ಸುದ್ದಿ, ದಿಬ್ಬದ ಅಲಗುಗಳು ಅಷ್ಟೂ ಒಂದೇ ಗುಡ್ಡೆಗೆ ಹೋಗಿ ಸೇರ್ತವೆ."

"ಯಾವ ಗುಡ್ಡೆಗೆ?" ಎಂದೆ.

"ಅದೇ ತಾಯಿ ಗೊತ್ತಿಲ್ಲದ್ದು. ಇದು ಒಂದು ಗುಡ್ಡೆ, ಅದು ಇನ್ನೊಂದು ಗುಡ್ಡೆ. ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಯಂತ್ರಕ್ಕೆ ಯಾರಾದ್ರೂ ಹೇಳ್ಬೇಕಲ್ಲ."

ಅವಳಿ ಮಕ್ಕಳು ಎದುರಿಗೆ ನಿಂತಿದ್ದಾರೆ, ದೊಡ್ಡವನು ಯಾರು ಎಂದು ತಾಯಿ ಮರೆತಿದ್ದಾಳೆ. ಹಾಗಾಗಿದೆ.

"ಒಂದೇ ಒಂದು ತುಂಡು ಸಾಕು," ಎಂದಳು ಮಗಳು. "ಇಂಥ ಬಂಡೆಯಿಂದ ಒಡೆದದ್ದು ಅಂತ ಖಾತ್ರಿ ಇರೋ ತುಂಡು. ಅದು ಯಾವ ಗುಡ್ಡೆಗೆ ಸೇರುತ್ತೆ ಅಂತ ನೋಡಿದ್ರೆ ಎಲ್ಲಾ ಬಗೆಹರಿಯುತ್ತೆ."

"ಕೆಳಗಿನದು ನದಿ ಪಕ್ಕದ ರಸ್ತೆಗೇ ತಾಗಿದೆ ತಾನೇ? ನಾಳೆನೇ ತರ್ತೀನಿ," ಎಂದ ಅಳಿಯ.

"ಆ ಬಂಡೆ ಮುಚ್ಚೋ ಹಾಗೆ ರಸ್ತೆಯವರು ಹೋದ ತಿಂಗಳು ಸಿಮೆಂಟ್ ಗೋಡೆ ಕಟ್ಟಿದ್ದಾರೆ," ಎಂದಳು ಮಗಳು. "ಸುತ್ತ ಬಿದ್ದಿರೋ ಚೂರುಗಳನ್ನ ನಂಬೋಕಾಗಲ್ಲ, ಮೇಲಿಂದ ಉರುಳಿ ಬಂದಿರಬಹುದು. ಮೇಲಿನ ಬಂಡೆಯದ್ದೇ ಆಗ್ಬೇಕು. ಕೆಳಗಿನ ಕಲ್ಲು ಮೇಲಕ್ಕೆ ಉರುಳಲ್ಲವಲ್ಲ."

ಅಳಿಯನಿಗೆ ಏಣಿ ಹತ್ತಿದರೂ ತಲೆ ಸುತ್ತುತ್ತದೆ. ಹೋದ ಸಲವೂ ಮಗಳೊಬ್ಬಳೇ ಹತ್ತಿದ್ದಳಂತೆ, ಇವನು ಕೆಳಗೆ ವ್ಯಾನಿನಲ್ಲಿ ಕಣ್ಣು ಮುಚ್ಚಿ ಕೂತಿದ್ದನಂತೆ. ಮೇಷ್ಟ್ರಿಗೆ ನೆಗಡಿ, ಜೊತೆಗೆ ಯಂತ್ರ ಬಿಟ್ಟು ಕದಲುವಂತಿಲ್ಲ.

"ನಾನು ಹೋಗ್ತೀನಿ," ಎಂದರು ಬೀಗಿತ್ತಿ.

ಅವರಿಗೆ ಮಂಡಿ ನೋವು. ಕುರ್ಚಿಯಿಂದ ಏಳುವಾಗ ಉಸ್ಸೆನ್ನುತ್ತಾರೆ. ಅವರೊಬ್ಬರೇ ಹೋಗಿ ತಂದು ಬದುಕೆಲ್ಲ ಆ ಮಾತನ್ನು ನನ್ನ ಮುಂದೆ ಆಡಿಕೊಂಡಿರಲಿ ಎಂದೇ?

"ನಾನೂ," ಎಂದೆ.

"ಬೇಡ," ಎಂದಳು ಮಗಳು. "ಇಬ್ರೂ ಬೇಡ. ಅತ್ತೆ, ನಿಮ್ಮ ಮಂಡಿ. ಅಮ್ಮ, ನಿನ್ನ ಉಸಿರು."

"ಅವರಿಗೆ ಉಸಿರಿದೆ, ನನಗೆ ಮಂಡಿ ಇದೆ," ಎಂದೆ. "ಇಬ್ರೂ ಸೇರಿದ್ರೆ ಒಬ್ಬಳು ಗಟ್ಟಿ ಹೆಂಗಸಾಗುತ್ತೆ."

ಮಗಳು ಎರಡು ದಿನದಲ್ಲಿ ಮೊದಲ ಸಲ ನಕ್ಕಳು. ನಕ್ಕ ಮೇಲೆ ಬೇಡ ಎನ್ನಲು ಅವಳಿಗಾಗಲಿಲ್ಲ.

ಫೆಬ್ರವರಿ ೨೩, ಭಾನುವಾರ

ಮೈಯೆಲ್ಲ ನೋವು. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಕು ಹರಿಯುತ್ತಿದ್ದಂತೆ ಬೇಕರಿಯ ವ್ಯಾನಿನಲ್ಲಿ ಹೊರಟೆವು. ಹಿಂದೆ ಬ್ರೆಡ್ಡಿನ ಖಾಲಿ ತಟ್ಟೆಗಳು ದಾರಿಯುದ್ದಕ್ಕೂ ತಾಳ ಹಾಕಿದವು. ಬೆಟ್ಟದ ಬುಡದಲ್ಲಿ ಅಳಿಯ ವ್ಯಾನು ನಿಲ್ಲಿಸಿ, ಮಗಳು ಬರೆದುಕೊಟ್ಟ ನಕ್ಷೆ, ಸುತ್ತಿಗೆ, ಕಣ್ಣಿಗೆ ಕನ್ನಡಕ, ಕೈಗವಸು ಎಲ್ಲ ಕೊಟ್ಟ. "ಅಮ್ಮ, ಅತ್ತೆ, ಆಗಲಿಲ್ಲ ಅಂದ್ರೆ ವಾಪಸ್ ಬಂದ್ಬಿಡಿ," ಎಂದ. ಮೇಲೆ ನೋಡದೆ, ನೆಲ ನೋಡಿಕೊಂಡೇ ಹೇಳಿದ.

ಕುರಿಗಳು ತುಳಿದು ಮಾಡಿದ ದಾರಿ. ಸ್ವಲ್ಪ ದೂರ ಹೋದರೆ ನನಗೆ ಉಸಿರಿಲ್ಲ, ಇನ್ನು ಸ್ವಲ್ಪ ದೂರ ಹೋದರೆ ಇವರಿಗೆ ಮಂಡಿ ಇಲ್ಲ. ನಾನು ನಿಂತಾಗ ಇವರು ನನ್ನ ನಾಡಿ ಹಿಡಿದು, "ಮೂಗಿನಲ್ಲಿ ಎಳೀರಿ, ಬಾಯಲ್ಲಿ ಬಿಡಿ. ಇನ್ನೂ ನಿಧಾನ," ಎನ್ನುವರು. ಇವರು ನಿಂತಾಗ ನಾನು ಕೆಳಗಿನಿಂದ ಬೆನ್ನಿಗೆ ಕೈಕೊಟ್ಟು ತಳ್ಳುವೆ, ಒದ್ದೆ ಕಂಬಳಿಯ ಗಂಟು ತಳ್ಳಿದ ಹಾಗೆ.

"ನನ್ನನ್ನ ಯಾವ ಬಟ್ಟೆ ಅಂದ್ಕೊಂಡಿದ್ದೀರಿ?" ಎಂದು ಕೇಳಿದರು.

"ಉಣ್ಣೆ ಬಟ್ಟೆ. ಹಿಂಡಬಾರದು, ಸುಮ್ಮನೆ ಒತ್ತಬೇಕು," ಎಂದೆ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ನಕ್ಕೆವು. ನಕ್ಕು ನನ್ನ ಉಸಿರು ಮತ್ತೆ ಹೋಯಿತು, ಮತ್ತೆ ನಾಡಿ ಹಿಡಿದರು.

ಬೆಟ್ಟದ ಬೆನ್ನು ದಾಟಿದ್ದೇ ತಡ, ಕಣ್ಣು ಕೋರೈಸಿತು. ಇಳಿಜಾರಿನ ತುಂಬ ಕರಿಗಾಜು. ಯಾರೋ ಸಾವಿರಾರು ಬಾಟಲಿ ಒಡೆದು ಚೆಲ್ಲಿದ ಹಾಗೆ. ಅದರ ಮೇಲೆ ಮನೆಯೆತ್ತರದ ಬಂಡೆ. ಬುಡದಲ್ಲಿ ಒಂದು ಸಮತಟ್ಟು ಜಾಗ, ಅಲ್ಲಿ ಬಿದ್ದಿದ್ದ ಚಕ್ಕೆಗಳು ಮಾತ್ರ ಬೇರೆ ಥರ. ತೆಳ್ಳಗೆ, ಉದ್ದಕ್ಕೆ, ಒಂದೇ ಅಳತೆಗೆ. ಅವು ತಾವಾಗಿ ಒಡೆದವಲ್ಲ. ಅಲ್ಲಿ ಆ ಕಾಲದ ಜನ ಕೂತು ಕೆಲಸ ಮಾಡುತ್ತಿದ್ದರು ಎಂದು ಮಗಳು ಹೇಳಿದ್ದಳು. ಅದನ್ನು ಮುಟ್ಟಬೇಡಿ ಎಂದೂ ಹೇಳಿದ್ದಳು. ಮುಟ್ಟಲಿಲ್ಲ. ಆದರೆ ಪಕ್ಕದಲ್ಲಿ ಒರಗಲು ಸರಿಯಾದ ಒಂದು ಕಲ್ಲಿತ್ತು. ಅಲ್ಲಿ ಕೂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಬಯಲು ಪೂರ್ತಿ ಕಣ್ಣಿಗೆ ಬೀಳುತ್ತದೆ. ಅಂಥ ಜಾಗ ಬಿಟ್ಟು ಯಾರಾದರೂ ಬೇರೆ ಕಡೆ ಕೂರುತ್ತಾರೆಯೇ? ಆ ಜನ ಈಗ ತಾನೇ ನೀರು ಕುಡಿಯಲು ಎದ್ದು ಹೋಗಿದ್ದಾರೆ ಎನ್ನಿಸಿತು.

ಇಬ್ಬರೂ ಒರಗಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಇವರು, "ಒಂದು ಮಾತು ಕೇಳ್ಲಾ? ನಿಮ್ಮ ಮಗಳು ನನ್ನನ್ನ ಅತ್ತೆ ಅನ್ನೋ ಮುಂಚೆ ಒಂದು ಕ್ಷಣ ತಡೀತಾಳೆ. ಬಾಯಿಗೆ ಬರಲ್ಲ ಅನ್ನೋ ಹಾಗೆ. ನನ್ನ ಕಂಡ್ರೆ ಅಷ್ಟು ಭಯವಾ?" ಎಂದರು.

"ಅಯ್ಯೋ, ಅದು ಭಯ ಅಲ್ಲ ಕಣ್ರೀ. ಚಿಕ್ಕಂದಿನಲ್ಲಿ ಅವಳಿಗೆ ತೊದಲಿತ್ತು. ಸ್ವರದಿಂದ ಶುರುವಾಗೋ ಮಾತಿಗೆ ಈಗಲೂ ಒಂದು ಸಲ ನಿಂತು ಹೊರಡ್ತಾಳೆ. ಅಮ್ಮ ಅನ್ನೋಕೂ ಹಾಗೇ."

"ಹೌದಾ," ಎಂದರು. "ಎರಡು ವರ್ಷದಿಂದ ನಾನು ಬೇರೇನೇ ಅಂದ್ಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. ಸೆರಗು ಕುದಿಸದ್ದು, ಧೂಳಿನದ್ದು.

ಆಮೇಲೆ ಕೆಲಸ. ಬಂಡೆಯಿಂದಲೇ ಒಡೆಯಬೇಕು, ನೆಲದ್ದು ಎತ್ತಬಾರದು. ನಾನು ಸುತ್ತಿಗೆ ಬೀಸಿದೆ. ಮೂರನೆಯ ಏಟಿಗೆ ಮುಷ್ಟಿಗಾತ್ರದ ತುಂಡು ಕೈಗೆ ಬಂತು. ಇವರು ಚೀಟಿ ಬರೆದು ಒಳಗಿಟ್ಟರು, ಚೀಲದ ಮೇಲೂ ಬರೆದರು, ಬಾಯಿ ಕಟ್ಟಿ ಮೇಲೆ ಗಾಯಕ್ಕೆ ಸುತ್ತಿದಂತೆ ಟೇಪು ಸುತ್ತಿದರು, ಟೇಪಿನ ಮೇಲೂ ಬರೆದರು. ಸಾಲದೆಂದು ತಮ್ಮ ಅಂಗೈ ಮೇಲೂ "ಮೇಲಿನದು" ಎಂದು ಬರೆದುಕೊಂಡರು.

"ನೀವೆಲ್ಲಾದ್ರೂ ಕೈ ತೊಳೆದ್ರೆ?" ಎಂದೆ.

"ಇವತ್ತು ತೊಳೆಯಲ್ಲ," ಎಂದರು. ಈ ಮಾತು ಇವರ ಬಾಯಲ್ಲಿ.

ಇಳಿಯುವಾಗ ಇವರ ಮಂಡಿ ಪೂರ್ತಿ ಕೈಕೊಟ್ಟಿತು. ಗಾಜು ದಾಟಿದ ಮೇಲೆ ಹುಲ್ಲಿನ ಇಳಿಜಾರು ಬಂತು. "ಅಕ್ಕ, ನಡೆಯೋಕಾಗಲ್ಲ," ಎಂದಳು. "ನಡೀಬೇಡ, ಕೂತ್ಕೋ," ಎಂದು ನಾನೂ ಕೂತೆ. ಇಬ್ಬರೂ ಕೂತಲ್ಲಿಂದಲೇ ಜಾರಿದೆವು. ಮೊದಲು ನಿಧಾನ, ಆಮೇಲೆ ನಮ್ಮ ಕೈಯಲ್ಲಿಲ್ಲ. ಇವಳು ಚೀಲವನ್ನು ಎದೆಗೆ ಒತ್ತಿ ಹಿಡಿದು ಕಿರುಚುತ್ತಾ, ನಾನು ಇವಳ ಸೆರಗು ಹಿಡಿದು ಕಿರುಚುತ್ತಾ, ಕುರಿಗಳು ಎರಡೂ ಕಡೆ ಚದುರಿ ನಮಗೆ ದಾರಿ ಬಿಟ್ಟವು. ವ್ಯಾನಿನ ಹತ್ತಿರ ಬಂದು ನಿಂತಾಗ ನನ್ನ ಸೀರೆಯ ಹಿಂಭಾಗ ಹಸಿರು. ಆ ಕಲೆ ಹೋಗುವುದಿಲ್ಲ, ನನಗೆ ಗೊತ್ತು. ಹೋಗದಿದ್ದರೆ ಬೇಡ.

ಅಳಿಯ ಕಣ್ಣು ಬಿಟ್ಟು, "ಏನಾಯ್ತು? ಯಾರು ಕಿರುಚಿದ್ದು?" ಎಂದ.

"ಕುರಿ," ಎಂದಳು ಅವನ ತಾಯಿ.

ಫೆಬ್ರವರಿ ೨೪, ಸೋಮವಾರ

ಬೆಳಿಗ್ಗೆಯೇ ತುಂಡನ್ನು ಮೇಷ್ಟ್ರಿಗೆ ತಲುಪಿಸಿದೆವು. ಮ್ಯೂಸಿಯಂನಲ್ಲಿ ಕರೆಂಟಿಲ್ಲ, ನಾಳೆ ಬೆಳಿಗ್ಗೆ ನೋಡೋಣ ಎಂದರು. ಯಂತ್ರ ಹೊರಡುವುದು ನಾಳೆ ಮಧ್ಯಾಹ್ನ. ಮಗಳು ವರದಿಯ ಉಳಿದದ್ದೆಲ್ಲ ಬರೆದು ಮುಗಿಸಿ, ಒಂದು ಸಾಲಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಾಳೆ.

ನನ್ನ ಸೊಂಟ ಹಿಡಿದುಕೊಂಡಿದೆ. ಬೀಗಿತ್ತಿ ಬಿಸಿನೀರಿನ ಚೀಲ ತಂದು ಇಟ್ಟಳು, ನಾನು ಇವಳ ಮಂಡಿಗೆ ಎಣ್ಣೆ ತಿಕ್ಕಿದೆ. ಸಂಜೆಗೆ ಮಗಳಿಗೆ ಯಾಕೋ ಬೆನ್ನು ನೋವು ಶುರುವಾಯಿತು. ಇವಳು ಕೈಯಿಟ್ಟು ನೋಡಿ, "ಅಕ್ಕ, ಬ್ಯಾಗು ಕಟ್ಟು," ಎಂದಳು.

ಫೆಬ್ರವರಿ ೨೫, ಮಂಗಳವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮಗು ಹುಟ್ಟಿ ಒಂದು ಗಂಟೆಯಾಗಿದೆ. ಹೆಣ್ಣು. ಹೇಳಿದ ದಿನಕ್ಕಿಂತ ಮುಂಚೆ ಬಂದರೂ ತೂಕ ಚೆನ್ನಾಗಿದೆಯಂತೆ, ಮಗಳೂ ಚೆನ್ನಾಗಿದ್ದಾಳಂತೆ. ಅಳಿಯನಿಗೆ ಒಳಗೆ ಕಾಲಿಟ್ಟ ಕೂಡಲೇ ತಲೆ ಸುತ್ತಿತು, ಅವನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದ್ದಾರೆ. ನಾವಿಬ್ಬರೂ ಹೊರಗೆ ಕಾಯುತ್ತಿದ್ದೆವು. ಅಷ್ಟರಲ್ಲಿ ನನ್ನ ಫೋನು ಅಲುಗಾಡಿತು.

ಮೇಷ್ಟ್ರು. ಮೂರು ಸಲ ಸೀನಿದರು. ಆ ಮೂರು ಸೀನನ್ನೂ ನಾನು ಎಣಿಸಿದೆ.

"ಮೇಲಿನದೇ ತಾಯಿ. ನೀವು ತಂದ ತುಂಡು, ದಿಬ್ಬದ ಅಲಗುಗಳು, ಎಲ್ಲಾ ಒಂದೇ ಗುಡ್ಡೆ. ಒಂದೂ ಕೆಳಗಿನದಲ್ಲ."

ಇವಳಿಗೆ ಹೇಳಿದೆ. ಇವಳು ನನ್ನ ಕೈ ಹಿಡಿದುಕೊಂಡಳು. ಇನ್ನೂ ಬಿಟ್ಟಿರಲಿಲ್ಲ, ಆಗಲೇ ಕೇಳಿದಳು: "ಆದ್ರೆ ಯಾಕೆ? ಕೆಳಗಿನದು ದಾರೀಲೇ ಇತ್ತಲ್ಲ. ಎರಡೂ ಅಷ್ಟೇ ಚೂಪು ಅಂತ ನಿನ್ನ ಮಗಳೇ ಹೇಳಿದ್ಲು. ಅದನ್ನ ದಾಟಿ, ಅಷ್ಟು ಎತ್ತರ ಹತ್ತಿ, ಬೆನ್ನ ಮೇಲೆ ಹೊತ್ತು ತರೋಕೆ ಅವರಿಗೇನು ಹುಚ್ಚಾ?"

ನಾನೂ ಯೋಚನೆ ಮಾಡಿದೆ. ಆ ಒರಗುವ ಕಲ್ಲು ಕಣ್ಣ ಮುಂದೆ ಬಂತು, ಅಲ್ಲಿ ಕೂತು ಕೆಲಸ ಮಾಡುತ್ತಿದ್ದವರೂ ಬಂದರು.

"ಮೇಲೆ ಜನ ಇದ್ರಲ್ಲ," ಎಂದೆ. "ದಿಬ್ಬದವರು ಅಲ್ಲಿಗೆ ಹೆಣ್ಣು ಕೊಟ್ಟಿರ್ಬೇಕು. ಇಲ್ಲ, ಅಲ್ಲಿಂದ ತಂದಿರ್ಬೇಕು. ಮಗಳನ್ನ ನೋಡ್ಕೊಂಡು ಬರೋಣ ಅಂತ ಹೊರಡ್ತಾರೆ. ಬರುವಾಗ ಬೀಗರು ಬರಿಗೈಲಿ ಕಳಿಸ್ತಾರಾ? ನಾಲ್ಕು ಕಲ್ಲು ಕಟ್ಟಿ ಕೊಡ್ತಾರೆ. ಕೆಳಗಿನ ಬಂಡೆ ಹತ್ತಿರ ಯಾರಿದ್ರು, ಮಾತಾಡ್ಸೋಕೆ?"

"ಕಲ್ಲು ಒಂದು ನೆಪ," ಎಂದಳು ಇವಳು.

"ನೆಪಾನೇ."

"ಇದನ್ನ ಅವಳಿಗೆ ಹೇಳ್ಬೇಕು. ವರದೀಲಿ ಬರೀಲಿ."

"ಬರೆಯಲ್ಲ. ಇದಕ್ಕೆ ಯಂತ್ರ ಇಲ್ಲಮ್ಮ ಅಂತಾಳೆ, ನೋಡ್ತಿರು."

ಅಷ್ಟರಲ್ಲಿ ಬಾಗಿಲು ತೆರೆದು ನರ್ಸಮ್ಮ ತಲೆ ಹೊರಗೆ ಹಾಕಿದಳು. "ಒಬ್ರು ಬರಬಹುದು. ಒಬ್ರೇ. ಇನ್ನೊಬ್ರು ಆಮೇಲೆ. ಅಜ್ಜಿ ಯಾರು?"

ನಾನು ಇವಳನ್ನು ಎಬ್ಬಿಸಿ ಬಾಗಿಲ ಕಡೆ ತಳ್ಳಿದೆ. "ನೀನು ಹೋಗು. ಮೇಲಿನದೇ ಅಂತ ನೀನೇ ಹೇಳು."

"ನಾನಾ? ಅವಳು ನಿನ್ನ ಮಗಳಲ್ವೇನಕ್ಕ, ನೀನು—"

"ಹೋಗಮ್ಮ ತಾಯಿ, ಬಾಗಿಲು ಹಾಕಿಬಿಟ್ಟಾಳು."

ಕಾರಣ ಇಷ್ಟೇ. ಈ ಬೆಂಚು ಗಟ್ಟಿ, ಇವಳ ಮಂಡಿಗೆ ಆಗುವುದಿಲ್ಲ. ಒಳಗೆ ಕುರ್ಚಿ ಇರುತ್ತದೆ. ಅಲ್ಲದೆ ಇವಳು ಆಸ್ಪತ್ರೆಯವಳು, ಮಗುವನ್ನು ಹೇಗೆ ಹಿಡಿಯಬೇಕು, ಏನು ನೋಡಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲಳು. ಬೇರೇನಿಲ್ಲ.

ಬಾಗಿಲ ಸಂದಿಯಿಂದ ಇವಳ ದನಿ ಕೇಳುತ್ತಿದೆ. ಮೇಲಿನ ಬಂಡೆ ಎನ್ನುತ್ತಿದ್ದಾಳೆ, ಬೀಗರು ಎನ್ನುತ್ತಿದ್ದಾಳೆ. ಈಗ ಮಗಳ ನಗು. ಅದರ ಹಿಂದೆಯೇ, ನಗುವಿಗೆ ಎಚ್ಚರವಾಯ್ತೇನೋ, ಕೂಸಿನ ಅಳು. ಗಟ್ಟಿ ಗಂಟಲು.

ನಾನು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದೇನೆ. ಅವಸರವೇನಿಲ್ಲ. ಇವಳು ನಿಧಾನವಾಗಿ, ಕಣ್ತುಂಬ ನೋಡಿಕೊಂಡು ಬರಲಿ.